ನಿಮಗಿದು ಗೊತ್ತೆ? ಆಡಿದ್ದು 154, ಸೋತದ್ದು 134!

ಒಂದೇ ಸೀಸನ್‌ನಲ್ಲಿ 134 ಸೋಲು. ಗೆದ್ದದ್ದು ಬರೀ 20. ಅಮೆರಿಕದ ನ್ಯಾಷನಲ್ ಲೀಗ್ ಬೇಸ್‌ಬಾಲ್‌ನಲ್ಲಿ 1899ರಲ್ಲಿ ಆಡಿದ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡದ ಲೆಕ್ಕವಿದು. ಒಮ್ಮೆಯಂತೂ ಸತತ 24 ಪಂದ್ಯ ಸೋತಿತು.

ಪಾಪ, ಆಟಗಾರರನ್ನು ದೂರಿ ಫಲವಿಲ್ಲ. ತಂಡದ ಮಾಲೀಕರಾದ ರಾಬಿಸನ್ ಸೋದರರು ಅದೇ ವರ್ಷ ಸೇಂಟ್ ಲೂಯಿಸ್ ತಂಡವನ್ನೂ ಕೊಂಡಿದ್ದರು. ಖ್ಯಾತ ಪಿಚರ್ ಸೈ ಯಂಗ್ ಸೇರಿದಂತೆ ಗಟ್ಟಿ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಕ್ಲೀವ್‌ಲ್ಯಾಂಡಿಗೆ ಉಳಿದದ್ದು ಜೊಳ್ಳು.

ಊರಿನವರು ಮೈದಾನದತ್ತ ತಲೆ ಹಾಕಲಿಲ್ಲ. ತವರಿನ 42 ಪಂದ್ಯಗಳಿಗೆ ಬಂದವರು ಒಟ್ಟು 6,000 ಚಿಲ್ಲರೆ ಮಂದಿ. ಟಿಕೆಟ್ ಹಣದ ಪಾಲು ದಾರಿಖರ್ಚಿಗೂ ಸಾಲದೆಂದು ಎದುರಾಳಿಗಳು ಅಲ್ಲಿಗೆ ಬರಲು ಒಲ್ಲೆ ಎಂದರು. ಸ್ಪೈಡರ್ಸ್ ಊರೂರು ಅಲೆಯಿತು. ಪರಊರುಗಳಲ್ಲೇ 101 ಪಂದ್ಯ ಸೋತಿತು. ಈಗ ಒಂದು ತಂಡ ಹೊರಗೆ ಆಡುವುದೇ 81 ಪಂದ್ಯ. ಹಾಗಾಗಿ ಆ ದಾಖಲೆ ಭದ್ರ!

ಸೀಸನ್‌ನ ಕೊನೆಯ ಪಂದ್ಯದಲ್ಲಿ ಚೆಂಡೆಸೆಯಲು ಇಳಿದವನು ಹೋಟೆಲೊಂದರ ಸಿಗಾರ್ ಅಂಗಡಿಯ ಗುಮಾಸ್ತ. ಅದೂ 19–3ರ ಸೋಲು. ಮರುವರ್ಷ ಲೀಗ್ 12 ತಂಡಗಳನ್ನು 8ಕ್ಕೆ ಇಳಿಸಿದಾಗ ಸ್ಪೈಡರ್ಸ್ ತಂಡವನ್ನೇ ಮುಚ್ಚಲಾಯಿತು.