ಹರಿದ ಸೀರೆಗೆ, ಉಳಿದ ಉಲ್ಲನ್ನಿಗೆ ಒಂದು ಕೆಲಸ

ನಿಮ್ಮ ಮನೆಯ ಅಟ್ಟದ ಮೇಲೋ, ಮಂಚದ ಕೆಳಗಿನ ಟ್ರಂಕಿನಲ್ಲೋ ಹಳೆಯ ಸೀರೆಗಳ ಗಂಟೊಂದು ಇದ್ದೇ ಇರುತ್ತದೆ. ಇಲ್ಲ ಎನ್ನಬೇಡಿ. ಸೆರಗು ಗಟ್ಟಿಯಾಗಿದೆ, ಒಡಲು ಮಾತ್ರ ಜಾಳಾಗಿದೆ ಎಂದು ಎತ್ತಿಟ್ಟದ್ದು, ಫಾಲ್ ಹಚ್ಚಿಸಿ ಎರಡು ಸಲ ಉಡುವಷ್ಟರಲ್ಲಿ ಮೊಳೆಗೆ ಸಿಕ್ಕಿ ಹರಿದದ್ದು, ತವರಿನಿಂದ ಬಂದದ್ದೆಂದು ಬಿಸಾಡಲು ಮನಸ್ಸು ಬಾರದ್ದು. ಅದರ ಪಕ್ಕದಲ್ಲೇ ಇನ್ನೊಂದು ಚೀಲ. ಅದರೊಳಗೆ ಸ್ವೆಟರ್ ಹೆಣೆದು ಮಿಕ್ಕಿದ ಉಲ್ಲನ್ ಉಂಡೆಗಳು. ಒಂದರಲ್ಲೂ ಒಂದು ಕುಲಾವಿಗೆ ಆಗುವಷ್ಟು ದಾರವಿರುವುದಿಲ್ಲ!

ಪಾತ್ರೆ ಮಾರುವವಳು ಬೀದಿಯಲ್ಲಿ ಕೂಗಿದಾಗ ನಾಲ್ಕಾರು ಸೀರೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಅದನ್ನು ನಾನು ಬೇಡವೆನ್ನುವುದಿಲ್ಲ, ಅವಳ ಹೊಟ್ಟೆಪಾಡೂ ಅದರಲ್ಲೇ ಇದೆ. ಆದರೆ ತೀರಾ ಹರಿದದ್ದನ್ನು ಅವಳೂ ಮುಟ್ಟುವುದಿಲ್ಲ. “ಇದು ಒರಸೋ ಅರಿವಿಗೂ ಬರಂಗಿಲ್ರೀ ಅಕ್ಕಾರ” ಎಂದು ತಿರುಗಿ ಕೈಗೇ ಕೊಡುತ್ತಾಳೆ. ಹಾಗೆ ತಿರುಗಿ ಬಂದ ಸೀರೆಗಳಿಗಾಗಿಯೇ ಈ ಲೇಖನ. ಅವನ್ನು ಪಟ್ಟಿ ಪಟ್ಟಿಯಾಗಿ ಹರಿದು, ದಪ್ಪ ಕ್ರೋಶಾ ಕಡ್ಡಿಯಿಂದ ಬುಟ್ಟಿ ಹೆಣೆಯಬಹುದು. ಈರುಳ್ಳಿಗೆ, ರಿಮೋಟಿಗೆ, ಔಷಧಿ ಚೀಟಿಗಳಿಗೆ, ಮಕ್ಕಳ ಕಾಲುಚೀಲಕ್ಕೆ ಒಂದೊಂದು ಬುಟ್ಟಿಯಿದ್ದರೆ ಮನೆ ಹೇಗಿರುತ್ತದೆ, ನೀವೇ ಯೋಚಿಸಿ.

ಹಳೆಯ ಬಟ್ಟೆಯಿಂದ ಹೊಸದು ಮಾಡುವುದು ನಮಗೆ ಯಾರೂ ಕಲಿಸಬೇಕಾದದ್ದಲ್ಲ. ಧಾರವಾಡ, ವಿಜಯಪುರದ ಕಡೆ ಕೌದಿ ಇಲ್ಲದ ಮನೆಯೇ ಇರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಇಂದು ದೂರದ ಪಟ್ಟಣದವರೂ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಅವರು ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಮ್ಮ ಬುಟ್ಟಿಯ ಹೆಣಿಗೆ ಇದಕ್ಕೆ ತಿರುವುಮುರುವು, ನಡುವಿನಿಂದ ಶುರುವಾಗಿ ಹೊರಗೆ ಹೋಗುತ್ತದೆ.

ನಮ್ಮ ಅತ್ತೆಯವರೂ ಕೌದಿಯಲ್ಲಿ ಹೆಸರಾದವರೇ. ನಾಲ್ಕು ವರ್ಷದ ಹಿಂದೆ ಅವರಿಗೆ ಕಣ್ಣು ಮಂಜಾಯಿತು. ಒಂದು ಕಣ್ಣಿನ ಪೊರೆ ತೆಗೆಸಿದೆವು, ಇನ್ನೊಂದು ಸುಧಾರಿಸಲಿಲ್ಲ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆದು ಕರೆದು ಬೇಸತ್ತು, ಕೊನೆಗೆ ಕೌದಿಯ ಗಂಟನ್ನೇ ಕಟ್ಟಿಸಿ ಅಟ್ಟಕ್ಕೆ ಹಾಕಿಸಿಬಿಟ್ಟರು. ಕೈಗೆ ಕೆಲಸ ತಪ್ಪಿದ ಮೇಲೆ ಮಾತೂ ಕಡಿಮೆಯಾಯಿತು. ಹಗಲೆಲ್ಲ ಗೋಡೆಗೆ ಒರಗಿ ಕೂಡುವುದು, ಏನು ಕೇಳಿದರೂ “ಹೂಂ” ಅನ್ನುವುದು. ಈ ದಪ್ಪ ಹೆಣಿಗೆ ಅವರ ಕೈಗೆ ಕೊಟ್ಟದ್ದು ಅದಕ್ಕೇ. ಇದರಲ್ಲಿ ಕುಣಿಕೆ ಎಷ್ಟು ದೊಡ್ಡದೆಂದರೆ ಬೆರಳೇ ತೂರುತ್ತದೆ, ಕಣ್ಣಿನ ಹಂಗು ಅಷ್ಟಾಗಿ ಇಲ್ಲ. ಮೊದಲ ವಾರ “ಇದು ಮಿಷನ್ ಸಾಲಿ ಹುಡಿಗ್ಯಾರ ಕಸಬು, ನನಗ್ಯಾಕವ್ವಾ” ಎಂದರು. ಎರಡನೆಯ ವಾರ ನಾನು ಅಡುಗೆಮನೆಯಲ್ಲಿದ್ದಾಗ ಅರ್ಧ ತಳ ಹೆಣೆದಿದ್ದರು. ನಿಮ್ಮ ಮನೆಯಲ್ಲಿಯೂ ಹೀಗೆ ಕಣ್ಣು ಸೋತು ಸುಮ್ಮನಾದ ಹಿರಿಯರಿದ್ದರೆ ಇದನ್ನೊಮ್ಮೆ ಕೈಗಿಟ್ಟು ನೋಡಿ.

ಈಗ ಕೆಲಸಕ್ಕೆ ಬರೋಣ. ಲೇಸಿಗೆ ಬಳಸುವ ಸಣ್ಣ ಸ್ಟೀಲ್ ಕಡ್ಡಿ ಇದಕ್ಕೆ ನಡೆಯುವುದಿಲ್ಲ. 8 ಅಥವಾ 10 ಮಿಲಿಮೀಟರಿನ ಕಡ್ಡಿ ಬೇಕು. ಬಿದಿರಿನದು, ಪ್ಲಾಸ್ಟಿಕ್ಕಿನದು, ಅಲ್ಯುಮಿನಿಯಂದು ಎಲ್ಲವೂ ಸಿಗುತ್ತವೆ. ನನಗಂತೂ ಬಿದಿರಿನದೇ ಹಿತ, ಕೈ ಬೆವರಿದರೂ ಜಾರುವುದಿಲ್ಲ.

ಸೀರೆ ಹತ್ತಿಯದೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ. ಕರಗಿ, ಗಟ್ಟಿ ಮಣಿಯಂತಾದರೆ ನೈಲಾನೋ ಪಾಲಿಯೆಸ್ಟರೋ ಇದ್ದೀತು. ಎರಡಕ್ಕೂ ಜಾಗವಿದೆ. ಹತ್ತಿ ಅಡುಗೆಮನೆಗೆ ಒಳ್ಳೆಯದು. ನೈಲಾನ್ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಬೇಗ ಒಣಗುತ್ತದೆ, ಬಚ್ಚಲುಮನೆಯಲ್ಲಿ ಸೋಪು ಬ್ರಶ್ಶು ಇಡುವ ಬುಟ್ಟಿಗೆ ಅದೇ ಸರಿ. ಇನ್ನೊಂದು ಮಾತು: ಅಜ್ಜಿಯ ಕಾಲದ ರೇಷ್ಮೆ ಸೀರೆಗೆ ಅವಸರದಲ್ಲಿ ಕತ್ತರಿ ಹಾಕಬೇಡಿ. ಜರಿ ಅಸಲಿಯಾದರೆ ಅದರಲ್ಲಿ ಬೆಳ್ಳಿ ಇರುತ್ತದೆ, ಕೊಳ್ಳುವವರಿದ್ದಾರೆ. ಮೊದಲು ವಿಚಾರಿಸಿ.

ಸೀರೆಯನ್ನು ಒಗೆದು ಒಣಗಿಸಿ, ಫಾಲ್ ಬಿಚ್ಚಿ, ದಪ್ಪ ಅಂಚನ್ನು ಬೇರೆ ಮಾಡಿ. ತುದಿಯಲ್ಲಿ ಒಂದಿಂಚಿಗೊಂದು ಕತ್ತರಿ ಗುರುತು ಹಾಕಿ, ಉದ್ದಕ್ಕೆ ಕೈಯಿಂದಲೇ ಪರ್ರನೆ ಹರಿಯಿರಿ. ನೇಯ್ದ ಹತ್ತಿ ಬಟ್ಟೆ ಎಳೆ ಹಿಡಿದು ನೇರವಾಗಿ ಹರಿಯುತ್ತದೆ, ಕತ್ತರಿಗಿಂತ ಚೆನ್ನ. ಧೂಳು ಏಳುತ್ತದೆ, ಆದ್ದರಿಂದ ಹಿತ್ತಿಲಲ್ಲಿ ಕೂಡುವುದು ಒಳ್ಳೆಯದು. ಲೆಕ್ಕ ನೋಡಿ: ಐದೂವರೆ ಮೀಟರ್ ಉದ್ದದ ಸೀರೆಯ ಒಡಲು ನಲವತ್ತು ಇಂಚು ಅಗಲ ಸಿಕ್ಕರೂ ನಲವತ್ತು ಪಟ್ಟಿ, ಅಂದರೆ 220 ಮೀಟರ್! ನಾನು ಹೇಳುವ ಅಳತೆಯ ಬುಟ್ಟಿ ಎರಡು ಮೂರಾದರೂ ಇದರಲ್ಲಿ ಆಗುತ್ತವೆ.

ಪಟ್ಟಿಗಳನ್ನು ಗಂಟು ಹಾಕಿ ಜೋಡಿಸಬೇಡಿ, ಬುಟ್ಟಿಯ ಮೈಮೇಲೆ ಮೊಡವೆ ಎದ್ದಂತೆ ಕಾಣುತ್ತದೆ. ಎರಡೂ ಪಟ್ಟಿಗಳ ತುದಿಯಿಂದ ಅರ್ಧ ಇಂಚು ಬಿಟ್ಟು ಗುಂಡಿಮನೆಯಷ್ಟು ಸಣ್ಣ ಸೀಳು ಮಾಡಿ. ಹೊಸ ಪಟ್ಟಿಯ ಸೀಳಿರುವ ತುದಿಯನ್ನು ಹಳೆಯ ಪಟ್ಟಿಯ ಸೀಳಿನೊಳಗೆ ತೂರಿಸಿ. ಆಮೇಲೆ ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಅದರದೇ ಸೀಳಿನಲ್ಲಿ ತೂರಿಸಿ ಪೂರ್ತಿ ಎಳೆದುಬಿಡಿ. ಬಿಗಿಯಾಗಿ ಕೂತುಕೊಳ್ಳುತ್ತದೆ. ಜೋಡಿಸಿದ ಮೇಲೆ ಉಂಡೆ ಸುತ್ತಿಕೊಳ್ಳಿ, ಮೊದಲೇ ಸುತ್ತಿದರೆ ಎಳೆಯಲು ಬರುವುದಿಲ್ಲ.

ತಳಕ್ಕೆ ನಾಲ್ಕು ಚೈನು ಹಾಕಿ ಉಂಗುರ ಮಾಡಿ. ಅದರೊಳಗೆ ಆರು ಗಿಡ್ಡ ಕಂಬ. ಗಿಡ್ಡ ಕಂಬವೆಂದರೆ, ಕಡ್ಡಿ ಚುಚ್ಚಿ ಪಟ್ಟಿಯನ್ನು ಒಮ್ಮೆ ಎಳೆದುಕೊಂಡು, ಮತ್ತೊಮ್ಮೆ ಪಟ್ಟಿ ಸಿಕ್ಕಿಸಿ ಕಡ್ಡಿಯ ಮೇಲಿನ ಎರಡು ಕುಣಿಕೆಗಳಿಂದಲೂ ಒಟ್ಟಿಗೇ ಹೊರಗೆ ಎಳೆಯುವುದು. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದರ ಮೇಲೆ ಎರಡು, ಒಟ್ಟು 18. ಹೀಗೆ ಸುತ್ತಿಗೆ ಆರಾರು ಹೆಚ್ಚುತ್ತಾ ಹೋದರೆ ಒಂಬತ್ತನೆಯ ಸುತ್ತಿಗೆ 54 ಕಂಬ, ಸುಮಾರು ಎಂಟು ಇಂಚು ಅಗಲದ ತಳ. ಸುತ್ತು ಶುರುವಾಗುವಲ್ಲಿ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿಡಿ. ಅತ್ತೆಯವರು ಪಿನ್ನನ್ನು ಬೆರಳಿಂದ ಮುಟ್ಟಿಯೇ ಸುತ್ತು ಎಣಿಸುತ್ತಾರೆ. ತಳ ಬಟ್ಟಲಿನಂತೆ ಮೇಲೇಳುತ್ತಿದ್ದರೆ ಕಂಬ ಕಡಿಮೆಯಾಗಿದೆ ಎಂದು ತಿಳಿಯಿರಿ, ನಿರಿಗೆ ನಿರಿಗೆಯಾದರೆ ಹೆಚ್ಚಾಗಿದೆ.

ತಳ ಮುಗಿಯಿತೇ? ಇನ್ನು ಹೆಚ್ಚಿಸುವುದು ನಿಲ್ಲಿಸಿ. ಒಂದು ಸುತ್ತು ಮಾತ್ರ ಕಂಬದ ಹಿಂದಿನ ಎಳೆಯಲ್ಲಷ್ಟೇ ಚುಚ್ಚಿ ಹೆಣೆದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಮುಂದೆ ಒಂದರ ಮೇಲೊಂದು ಕಂಬ, ಹತ್ತು ಸುತ್ತು. ಹಿಡಿಕೆ ಬೇಕಾದವರು ಕೊನೆಯ ಸುತ್ತಿಗಿಂತ ಮೊದಲು ಎದುರುಬದುರಾಗಿ ಎರಡು ಕಡೆ ಆರು ಕಂಬ ಬಿಟ್ಟು ಎಂಟು ಚೈನು ಹಾಕಿ, ಕೊನೆಯ ಸುತ್ತಿನಲ್ಲಿ ಆ ಚೈನನ್ನೂ ಕಂಬಗಳಿಂದ ತುಂಬಿ.

ಉಲ್ಲನ್ ಉಂಡೆಗಳ ಸರದಿ ಈಗ. ಬಣ್ಣ ಬೇರೆಬೇರೆಯಾದರೂ ಮೂರ್ನಾಲ್ಕು ಎಳೆ ಒಟ್ಟಿಗೆ ಹಿಡಿದು, ಬಾಯಂಚಿಗೆ ಎರಡು ಸುತ್ತು ಹೆಣೆಯಿರಿ. ಮಾಸಿದ ಸೀರೆಯ ಬಣ್ಣಕ್ಕೆ ಜೀವ ಬರುತ್ತದೆ. ಆದರೆ ಬಿಸಿ ಪಾತ್ರೆ ಹಿಡಿಯುವ ಅರಿವೆಗೆ ಈ ಉಲ್ಲನ್ ಖಂಡಿತ ಬೇಡ. ನಾವು ಉಲ್ಲನ್ ಎಂದು ಕೊಳ್ಳುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಬಿಸಿಗೆ ಕರಗಿ ಕೈಗೆ ಅಂಟಿಕೊಂಡೀತು. ಅದಕ್ಕೆ ಹತ್ತಿಯೇ ಇರಲಿ.

ಇನ್ನು ದುಡ್ಡಿನ ಮಾತು. ಹೋದ ಯುಗಾದಿ ಹೊತ್ತಿಗೆ ನೆರೆಮನೆಯಾಕೆ ಅತ್ತೆಯವರ ಬುಟ್ಟಿ ನೋಡಿ ಎರಡು ಬೇಕೆಂದರು. “ಐವತ್ತೈವತ್ತು ಕೊಡ್ತೇನಿ, ಹಳೇ ಸೀರಿ ತಾನೇ” ಎಂದೂ ಹೇಳಿದರು. ಅತ್ತೆಯವರು ತಲೆ ಎತ್ತದೆ, “ಸೀರಿ ಪುಕ್ಕಟೆ ತಗೋ ಅವ್ವಾ, ಐದು ತಾಸಿನ ಕೂಲಿ ಕೊಡು” ಎಂದರು. ಹರಿಯುವುದು, ಜೋಡಿಸುವುದು, ಹೆಣೆಯುವುದು ಸೇರಿ ಒಂದು ಬುಟ್ಟಿಗೆ ಐದು ತಾಸು ಹಿಡಿಯುತ್ತದೆ. ಐವತ್ತು ರೂಪಾಯಿಯೆಂದರೆ ತಾಸಿಗೆ ಹತ್ತು ರೂಪಾಯಿ! ಆಕೆ ಇನ್ನೂರೈವತ್ತು ಕೊಟ್ಟು ಒಂದನ್ನೇ ಒಯ್ದರು. ತಾಯಿ ಮಾರುವುದು ನಮ್ಮ ಮನೆಯವರಿಗೆ ಸರಿಬರಲಿಲ್ಲ, “ಜನ ಏನಂದಾರು” ಎಂದರು. ಅತ್ತೆಯವರು ನೋಟನ್ನು ಮಡಚಿ ಸಂಚಿಗೆ ಹಾಕಿಕೊಂಡರು, ಉತ್ತರ ಕೊಡಲಿಲ್ಲ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಹೊರದೇಶಗಳಿಗೆ ಹೋಗುತ್ತಿತ್ತು. ಅಲ್ಲಿನ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬಾಕೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ತಾಸುಗಟ್ಟಲೆ ಹೆಣೆದರೂ ಅವರನ್ನು ಕೆಲಸಗಾರರೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಯಲ್ಲಿರುವ ಹೆಂಗಸು ಬಿಡುವಿನಲ್ಲಿ ಮಾಡುವುದು ಎಂದು ಪುಡಿಗಾಸು ಕೊಟ್ಟು ನಡೆಸಿದರು. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನೀವು ಮಾರುವುದಾದರೆ ಮೊದಲ ಬುಟ್ಟಿಗೆ ಗಡಿಯಾರ ಇಟ್ಟುಕೊಂಡು ಕೂಡಿ, ತಾಸುಗಳನ್ನು ಬರೆದಿಡಿ, ಆಮೇಲೆ ಬೆಲೆ ಹೇಳಿ. ಉಡುಗೊರೆ ಕೊಡುವುದಾದರೆ ಸುಮ್ಮನೆ ಕೊಟ್ಟುಬಿಡಿ, ಆ ಮಾತು ಬೇರೆ.

ಬುಟ್ಟಿ ಕೊಳೆಯಾದರೆ ತಣ್ಣೀರಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ಒಣಗಿಸುವಾಗ ಅಳತೆಗೆ ಸರಿಯಾದ ಪಾತ್ರೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಬುಟ್ಟಿ ತೊಡಿಸಿಟ್ಟರೆ ಆಕಾರ ಕೆಡುವುದಿಲ್ಲ. ದಪ್ಪ ಹೆಣಿಗೆಯಾದ್ದರಿಂದ ಮಳೆಗಾಲದಲ್ಲಿ ಎರಡು ದಿನ ಬೇಕು, ಒಳಗಿನ ತಳ ಮುಟ್ಟಿ ನೋಡಿಯೇ ಈರುಳ್ಳಿ ತುಂಬಿ.