ಹಾಲಿನಿಂದ ಎತ್ತರ: ನಂಬಿಕೆಯೊಂದನ್ನು ಅಳೆದು ನೋಡಿದ ಬಗೆ

ಹಸುವಿನ ಹಾಲು ಕುಡಿದ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆಂಬ ನಂಬಿಕೆ ಬಹಳ ಹಳೆಯದಾದರೂ, ಎಷ್ಟು ಹಾಲಿಗೆ ಎಷ್ಟು ಬೆಳವಣಿಗೆ ಎಂಬುದನ್ನು ಪಟ್ಟು ಹಿಡಿದು ಅಳೆಯುವ ಕೆಲಸ ಬ್ರಿಟನ್ನಿನಲ್ಲಿ ನಡೆದದ್ದು ಮೊದಲ ಮಹಾಯುದ್ಧದ ನಂತರ. ಲಂಡನ್ ಸಮೀಪದ ಬಾಲಕರ ವಸತಿಸಂಸ್ಥೆಯೊಂದರಲ್ಲಿ ಕೋರಿ ಮ್ಯಾನ್ ಎಂಬ ವೈದ್ಯರು ನಡೆಸಿದ ಅಧ್ಯಯನದ ವರದಿ 1926ರಲ್ಲಿ ಹೊರಬಂತು. ಸಂಸ್ಥೆಯ ಮಾಮೂಲಿ ಊಟವನ್ನಷ್ಟೇ ಉಂಡ ಹುಡುಗರು ವರ್ಷಕ್ಕೆ ಸರಾಸರಿ 4.7 ಸೆಂ.ಮೀ. ಬೆಳೆದರೆ, ಅದರ ಜೊತೆಗೆ ದಿನಕ್ಕೊಂದು ಪಿಂಟ್, ಅಂದರೆ ಸುಮಾರು 570 ಮಿ.ಲೀ. ಹಾಲು ಕುಡಿದವರು 6.7 ಸೆಂ.ಮೀ. ಬೆಳೆದಿದ್ದರು. ಹಾಲಿನ ಮುಖ್ಯ ಪ್ರೋಟೀನಾದ, ಹಾಲು ಒಡೆದಾಗ ಗಟ್ಟಿಯಾಗಿ ಉಳಿಯುವ ಕೇಸಿನ್ನನ್ನು ಬೇರ್ಪಡಿಸಿ ಇನ್ನೊಂದು ಗುಂಪಿಗೆ ಕೊಟ್ಟಿದ್ದರೂ ಆ ಹುಡುಗರ ಎತ್ತರದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲವಾದ್ದರಿಂದ, ಹಾಲಿನ ಯಾವ ಅಂಶ ಮಕ್ಕಳನ್ನು ಬೆಳೆಸುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕಿಂತ ಬಹು ದೊಡ್ಡ ಪ್ರಯೋಗ 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ನಡೆಯಿತು. 67 ಶಾಲೆಗಳ ಸುಮಾರು 20,000 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ತಿಂಗಳು ದಿನಕ್ಕೆ ಮುಕ್ಕಾಲು ಪಿಂಟ್ ಹಾಲು ಕೊಟ್ಟು, ಉಳಿದವರನ್ನು ಹೋಲಿಕೆಗಾಗಿ ಹಾಲಿಲ್ಲದೆ ಬಿಡಲಾಯಿತು. ಯಾರಿಗೆ ಹಾಲು ಎಂಬುದನ್ನು ಚೀಟಿ ಎತ್ತಿ ಅಥವಾ ಹೆಸರಿನ ಅಕ್ಷರಕ್ರಮದಂತೆ ನಿರ್ಧರಿಸಬೇಕಿತ್ತಾದರೂ, ಒಂದು ಗುಂಪಿನಲ್ಲಿ ಬಡಕಲು ಮಕ್ಕಳೇ ಹೆಚ್ಚಾದಂತೆ ಕಂಡರೆ ಅದಲುಬದಲು ಮಾಡುವ ಅಧಿಕಾರ ಉಪಾಧ್ಯಾಯರಿಗೆ ಇತ್ತು. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಗಾಸೆಟ್ 1931ರಲ್ಲಿ ಈ ಲೆಕ್ಕಗಳನ್ನು ಪರಿಶೀಲಿಸಿ, ಹಾಲು ಪಡೆದ ಮಕ್ಕಳು ಆರಂಭದಲ್ಲೇ ಇತರರಿಗಿಂತ ಕುಳ್ಳಗೂ ತೆಳ್ಳಗೂ ಇದ್ದರೆಂದು ತೋರಿಸಿದರು. ಉಪಾಧ್ಯಾಯರು ಮರುಕದಿಂದ ಬಡ ಮಕ್ಕಳನ್ನು ಹಾಲಿನ ಗುಂಪಿಗೆ ಸೇರಿಸಿರಬೇಕೆಂಬುದು ಅವರ ಊಹೆ. ತೂಕ ಮಾಡಿದ್ದು ಬಟ್ಟೆಯ ಸಮೇತ, ಮೊದಲು ಚಳಿಗಾಲದಲ್ಲಿ, ಮತ್ತೆ ಬೇಸಿಗೆಯಲ್ಲಿ. ಉಳ್ಳವರ ಮಕ್ಕಳು ದಪ್ಪ ಉಡುಪು ಕಳಚಿ ಹಗುರಾಗಿದ್ದರೆ ಬಡವರ ಮಕ್ಕಳಿಗೆ ಕಳಚಲು ಅಷ್ಟೊಂದು ಉಡುಪೇ ಇರಲಿಲ್ಲವಾದ್ದರಿಂದ, ಹಾಲಿನ ಫಲ ಇದ್ದುದಕ್ಕಿಂತ ದೊಡ್ಡದಾಗಿ ಕಂಡಿರುವ ಸಾಧ್ಯತೆಯಿತ್ತು. ಬಡ ಮಗುವಿನ ಕೈಗೆ ಲೋಟ ಕೊಟ್ಟ ಉಪಾಧ್ಯಾಯರನ್ನು ದೂರುವುದು ಅನ್ಯಾಯ. ತಪ್ಪಿದ್ದದ್ದು ಪ್ರಯೋಗದ ಏರ್ಪಾಡಿನಲ್ಲಿ. ತದ್ರೂಪಿ ಅವಳಿಗಳ ಐವತ್ತು ಜೋಡಿಗಳಿದ್ದರೆ ಇಷ್ಟು ಸಾವಿರ ಮಕ್ಕಳಿಗಿಂತ ಖಚಿತವಾದ ಉತ್ತರ ಸಿಗುತ್ತಿತ್ತೆಂದು ಗಾಸೆಟ್ ವಾದಿಸಿದರು.

ಭಾರತದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ನೀಲಗಿರಿಯ ಕೂನೂರಿನ ಪೋಷಣ ಸಂಶೋಧನಾಲಯ. ಅಲ್ಲಿನ ಆಕ್ರಾಯ್ಡ್ ಮತ್ತು ಕೃಷ್ಣನ್ 1937ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನ್ನವೇ ಪ್ರಧಾನವಾದ ಊಟದ ಮಕ್ಕಳಿಗೆ ಕೆನೆ ತೆಗೆದ ಹಾಲನ್ನು ಕೊಟ್ಟಾಗ ಎತ್ತರ, ತೂಕ ಎರಡೂ ಹೆಚ್ಚಿದವು. ಕೊಬ್ಬಿಲ್ಲದ ಹಾಲಿಗೂ ಬೆಳೆಸುವ ಶಕ್ತಿಯಿದೆ ಎಂದಾದ ಮೇಲೆ ಗಮನ ಪ್ರೋಟೀನು ಮತ್ತು ಖನಿಜಗಳತ್ತ ಹೊರಳುವುದು ಸಹಜವಾಗಿತ್ತು.

ಹಾಲು ದೇಹವನ್ನು ಬೆಳೆಸುವ ಬಗೆಯ ಸುಳಿವು ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ. ಎಂಟು ವರ್ಷದ ಬಾಲಕರಿಗೆ ಒಂದು ವಾರ ದಿನಕ್ಕೆ ಒಂದೂವರೆ ಲೀಟರ್ ಕೆನೆರಹಿತ ಹಾಲು ಕೊಟ್ಟಾಗ, ಮೂಳೆಗಳ ಬೆಳವಣಿಗೆಯನ್ನು ಪ್ರಚೋದಿಸುವ ಐಜಿಎಫ್-1 ಎಂಬ ಹಾರ್ಮೋನು ರಕ್ತದಲ್ಲಿ ಶೇ 19ರಷ್ಟು ಏರಿತು. ಅಷ್ಟೇ ಪ್ರೋಟೀನಿನ ಮಾಂಸ ತಿಂದವರಲ್ಲಿ ಏರಲಿಲ್ಲ. 2009ರ ಇನ್ನೊಂದು ಅಧ್ಯಯನದಲ್ಲಿ ಈ ಏರಿಕೆ ಕಂಡದ್ದು ಕೇಸಿನ್ ಕೊಟ್ಟಾಗ. ಹಾಲೊಡೆದ ತಿಳಿನೀರಿನ ಪ್ರೋಟೀನಾದ ವ್ಹೇ ಇನ್ಸುಲಿನ್ನನ್ನು ಹೆಚ್ಚಿಸಿತು. ಲಂಡನ್ನಿನಲ್ಲಿ ಸುಮ್ಮನಿದ್ದಂತೆ ತೋರಿದ್ದ ಕೇಸಿನ್ ಹೀಗೆ ಮತ್ತೆ ಮುಖ್ಯವಾಯಿತಾದರೂ, ಒಂದು ವಾರದ ರಕ್ತಪರೀಕ್ಷೆಯಿಂದ ಎತ್ತರದ ಮಾತನ್ನು ತೀರ್ಮಾನಿಸಲಾಗದು.

ಬೆಳೆಸುವ ಈ ಗುಣ ಎಲ್ಲ ವಯಸ್ಸಿಗೂ ಹಿತವಲ್ಲ. ನೂರು ಮಿ.ಲೀ. ತಾಯಿಹಾಲಿನಲ್ಲಿ ಸುಮಾರು ಒಂದು ಗ್ರಾಂ ಪ್ರೋಟೀನಿದ್ದರೆ ಹಸುವಿನ ಹಾಲಿನಲ್ಲಿ ಮೂರು ಗ್ರಾಮಿಗೂ ಹೆಚ್ಚು, ಕಬ್ಬಿಣವೋ ತೀರಾ ಕಡಿಮೆ. ಆದ್ದರಿಂದ ವರ್ಷ ತುಂಬದ ಕೂಸಿಗೆ ಅದನ್ನು ತಾಯಿಹಾಲಿನ ಬದಲಾಗಿ ಕೊಡಬಾರದೆಂದು ವೈದ್ಯರು ಹೇಳುತ್ತಾರೆ.

ಕರ್ನಾಟಕದಲ್ಲಿ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಅಂಗನವಾಡಿ ಮತ್ತು ಶಾಲೆಯ ಮಕ್ಕಳಿಗೆ ಸಿಗುವುದು ಹಾಲಿನ ಪುಡಿಯಿಂದ ಕಾಯಿಸಿದ 150 ಮಿ.ಲೀ. ಹಾಲು, ಅಂದರೆ ಲಂಡನ್ನಿನ ಹುಡುಗರು ಕುಡಿದದ್ದರ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಷ್ಟರಿಂದ ಅಂಥ ಬೆಳವಣಿಗೆಯನ್ನು ನಿರೀಕ್ಷಿಸಲಾಗದಿದ್ದರೂ, ಬೇಳೆ, ಮೊಟ್ಟೆಗಳು ಅಪರೂಪವಾದ ಮನೆಯಿಂದ ಬರುವ ಮಗುವಿಗೆ ಅದರಲ್ಲಿನ ಸುಮಾರು ಐದು ಗ್ರಾಂ ಪ್ರೋಟೀನು ಅಲ್ಪವೇನಲ್ಲ.