ಕಾಲು ಇಂಚಿನ ತಿರುಪು

ಮಕ್ಕಳೇ, ಭಾಲ್ಕಿಯ ಅಕ್ಕನ ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಟ್ರೈಪಾಡ್ ಮೇಲೆ ಪುಟ್ಟ ಕ್ಯಾಮರಾ ಇಟ್ಟು, ಟೈಮರ್ ಒತ್ತಿ, ಓಡಿಬಂದು ನಾನೂ ಕೂತೆ. ಚಿತ್ರದಲ್ಲಿ ಎಲ್ಲರೂ ಇದ್ದೆವು. ಅಂಚಿನಲ್ಲಿದ್ದ ಅಕ್ಕನ ಮುಖ ಮಾತ್ರ ಇರಲಿಲ್ಲ. ಕೆಳಗಿನ ತಿರುಪು ಸಡಿಲವಿದ್ದು, ಗುಂಡಿ ಒತ್ತಿದಾಗಲೇ ಕ್ಯಾಮರಾ ಒಂದಿಷ್ಟು ತಿರುಗಿತ್ತು. ಮರುವರ್ಷ ಅಕ್ಕನೇ ಇರಲಿಲ್ಲ.

ಕ್ಯಾಮರಾದ ತಳಕ್ಕೆ ತಿರುಪಿನಿಂದ ಬಿಗಿದು, ಟ್ರೈಪಾಡಿನ ತಲೆಗೆ ಥಟ್ಟನೆ ಕೂರಿಸುವ ಚಪ್ಪಟೆ ತುಂಡೇ ಕ್ವಿಕ್ ರಿಲೀಸ್ ಪ್ಲೇಟ್. ಹೊಸದನ್ನು ಕೊಳ್ಳುವಾಗ, ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡುತ್ತಿದ್ದಂತೆ, ನಾಲ್ಕು ಸಂಗತಿ ನೋಡಿದೆ.

ಒಂದು, ತಿರುಪು ಕಾಲು ಇಂಚಿನದೇ? ಸಣ್ಣ ಕ್ಯಾಮರಾಗಳ ರಂಧ್ರ ಸಾಮಾನ್ಯವಾಗಿ ಆ ಅಳತೆಯದು. ಎರಡು, ನಮ್ಮ ಟ್ರೈಪಾಡಿಗೆ ಹೊಂದುತ್ತದೆಯೇ? ಆರ್ಕಾ ಮಾದರಿಯದು ಸುಮಾರು 38 ಮಿ.ಮೀ. ಅಗಲ, ಬೇರೆ ಮಾದರಿಯ ತಲೆಗೆ ಅದು ಕೂರದು. ಮೂರು, ಬ್ಯಾಟರಿ ಬಾಗಿಲಿಗೆ ಅಡ್ಡ ಬಾರದಷ್ಟು ಗಿಡ್ಡವೇ? ನಾಲ್ಕು, ಮೇಲೆ ಜಾರದ ರಬ್ಬರ್, ಕೆಳಗೆ ನಾಣ್ಯ ಹಾಕಿ ಬಿಗಿಯುವ ಸೀಳು ಇವೆಯೇ?

ಬೀದರಿನ ಅಂಗಡಿಗೆ ಕ್ಯಾಮರಾ, ಟ್ರೈಪಾಡ್ ಎರಡನ್ನೂ ಒಯ್ದು, ಕೂಡಿಸಿ ನೋಡಿಯೇ ದುಡ್ಡು ಕೊಟ್ಟೆ.

ಕಳೆದ ತಿಂಗಳು ಔರಾದಿನ ಅಣ್ಣನ ಮನೆಯಲ್ಲಿ ಮೊಮ್ಮಗಳು ಒಂದು ರೂಪಾಯಿ ನಾಣ್ಯದಿಂದ ತಿರುಪು ಬಿಗಿದಳು. ಕ್ಯಾಮರಾ ಅಲುಗಾಡಿಸಿ ನೋಡಿದಳು, ಕದಲಲಿಲ್ಲ. ಈ ಸಲ ಅಂಚಿನಲ್ಲಿ ಕೂತಿದ್ದ ಅಣ್ಣ, ಪೂರ್ತಿ ನಗುವಿನೊಂದಿಗೆ ಚಿತ್ರದಲ್ಲಿದ್ದಾನೆ.